ಗೆದ್ದ ತಂಡಕ್ಕೆ ಬೀಗ

2018ರಲ್ಲಿ ಇಂಗ್ಲೆಂಡಿನ ವಾಯವ್ಯ ಮೂಲೆಯ ವರ್ಕಿಂಗ್ಟನ್ ಅನ್ನೋ ಸಣ್ಣ ಊರಿನ ತಂಡವೊಂದು ಒಂದೇ ವರ್ಷ ಮೂರು ಪ್ರಶಸ್ತಿ ಗೆದ್ದಿತು. ಲೀಗ್, ನಾಕೌಟ್ ಕಪ್, ಶೀಲ್ಡ್ ಮೂರೂ ಅದಕ್ಕೇ. ಗೆದ್ದಾದ ಮೇಲೆ, ಮುಂದಿನ ವರ್ಷ ನಾವಿಲ್ಲ ಅಂತ ಹೇಳಿ ಬಾಗಿಲು ಹಾಕಿತು.

ಸೋತು ಸುಣ್ಣವಾದ ತಂಡ ಮುಚ್ಚಿದರೆ ಅರ್ಥವಾಗುತ್ತದೆ. ಗೆದ್ದ ತಂಡ ಯಾಕೆ ಮುಚ್ಚಬೇಕು? ಇದನ್ನು ಕೇಳಿದಾಗಲೆಲ್ಲ ಇಂಗ್ಲೆಂಡಿನ ಗೆಳೆಯರು 'ಪಾಪ, ಸಣ್ಣ ಊರು, ದುಡ್ಡಿಲ್ಲ' ಅಂತ ಹೇಳಿ ಸುಮ್ಮನಾಗುತ್ತಾರೆ. ಅದು ಅರ್ಧ ಉತ್ತರ. ಇನ್ನರ್ಧ ಆ ಆಟದ ನಿಯಮಪುಸ್ತಕದಲ್ಲೇ ಇದೆ ಅನ್ನೋದು ನನ್ನ ವಾದ. ಬ್ರಿಟನ್ನಿನ ಎರಡನೇ ದರ್ಜೆಯ ಸ್ಪೀಡ್‌ವೇ ಲೀಗ್ ಗೆಲುವನ್ನು ಮೆಚ್ಚುತ್ತದೆ, ಚಪ್ಪಾಳೆ ಹೊಡೆಯುತ್ತದೆ, ಆಮೇಲೆ ಗೆದ್ದವರ ಕೈಗೆ ಬಿಲ್ ಕೊಡುತ್ತದೆ.

ಸ್ಪೀಡ್‌ವೇ ಅಂದ್ರೆ ಏನು ಅಂತ ಮೊದಲು ಹೇಳಬೇಕು. ನಮ್ಮಲ್ಲಿ ಇದನ್ನು ನೋಡಿದವರು ಕಡಿಮೆ. ಮುನ್ನೂರು ಮೀಟರ್ ಆಸುಪಾಸಿನ ಮೊಟ್ಟೆಯಾಕಾರದ ಟ್ರ್ಯಾಕು, ಮೇಲೆ ಶೇಲ್ ಕಲ್ಲಿನ ಸಡಿಲ ಪುಡಿ. ನಾಲ್ಕು ಜನ ರೈಡರ್‌ಗಳು, ನಾಲ್ಕು ಸುತ್ತು, ಎಲ್ಲ ತಿರುವೂ ಎಡಕ್ಕೇ. 500 ಸಿಸಿಯ ಗಾಡಿ, ಒಂದೇ ಗೇರು, ಕುಡಿಯೋದು ಮೆಥನಾಲ್. ಬ್ರೇಕ್ ಇಲ್ಲ. ಮರೆತು ಬಿಟ್ಟದ್ದಲ್ಲ, ಇರಬಾರದು ಅಂತಲೇ ನಿಯಮ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸಿ, ಗಾಡಿಯನ್ನು ಅಡ್ಡಡ್ಡ ಮಲಗಿಸಿ ತಿರುಗಿಸುತ್ತಾರೆ. ಮುಂದಿನ ಚಕ್ರ ಬಲಕ್ಕೆ ನೋಡುತ್ತಿರುತ್ತದೆ, ಗಾಡಿ ಎಡಕ್ಕೆ ಹೋಗುತ್ತಿರುತ್ತದೆ. ನೆಲಕ್ಕೆ ಊರುವ ಎಡಗಾಲಿನ ಬೂಟಿಗೆ ಉಕ್ಕಿನ ತಟ್ಟೆ, ಎತ್ತಿಗೆ ಲಾಳ ಕಟ್ಟಿದ ಹಾಗೆ. ಒಂದು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ಮೊದಲ ಬಂದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಪ್ರತಿ ಓಟದಲ್ಲೂ ಒಂದು ತಂಡದ ಇಬ್ಬರು, ಇನ್ನೊಂದು ತಂಡದ ಇಬ್ಬರು. ಇಂಥ ಹದಿನೈದು ಓಟ ಸೇರಿದರೆ ಒಂದು ಪಂದ್ಯ. ಒಟ್ಟು 90 ಅಂಕ, 46 ಮುಟ್ಟಿದವರು ಗೆದ್ದರು.

ಆ ಬೇಸಿಗೆ ಕೆಲಸದ ಮೇಲೆ ನಾನು ಕಂಬ್ರಿಯಾದಲ್ಲಿದ್ದೆ. ವರ್ಕಿಂಗ್ಟನ್ ಅಲ್ಲೇ ಸಮುದ್ರದ ದಂಡೆಗೆ ಇರುವ ಊರು. ಒಂದು ಕಾಲಕ್ಕೆ ಕಲ್ಲಿದ್ದಲು, ಉಕ್ಕು ಅಂತ ಮೆರೆದಿತ್ತು. ಡರ್ವೆಂಟ್ ಪಾರ್ಕ್ ಅನ್ನೋ ಮೈದಾನ ರಗ್ಬಿ ಲೀಗ್ ತಂಡದ ಮನೆ. ಅದರ ಸುತ್ತ ಸ್ಪೀಡ್‌ವೇ ಟ್ರ್ಯಾಕು. ತಂಡದ ಹೆಸರು ಕಾಮೆಟ್ಸ್.

ಮೊದಲ ಸಂಜೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಓಟವಲ್ಲ, ವಾಸನೆ. ಈ ಎಂಜಿನ್ನುಗಳಿಗೆ ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕುವ ರೂಢಿ ಹಳೇದು. ಅದು ಸುಟ್ಟು ಬರುವ ಘಾಟು ಮೂಗಿಗೆ ಬಡಿದಾಗ ಶನಿವಾರದ ಎಣ್ಣೆಸ್ನಾನ ನೆನಪಾಗದ ಕನ್ನಡಿಗ ಇರಲಿಕ್ಕಿಲ್ಲ. ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಅದೇ ಎಣ್ಣೆ ಇಲ್ಲಿ ಹೊಗೆಯಾಗಿ ಮೋಡ ಕವಿದ ಆಕಾಶಕ್ಕೆ ಹೋಗುತ್ತಿತ್ತು.

ಎರಡನೆಯದು ಜಾವಾ. ಹಳೆಯ ಸ್ಪೀಡ್‌ವೇ ಗಾಡಿಗಳ ಫೋಟೋ ನೋಡುತ್ತಾ ಹೋದರೆ ಎಂಜಿನ್ನಿನ ಮೇಲೆ ಆ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಚೆಕ್ ದೇಶದ ದಿವಿಶೋವ್ ಊರಿನ ಎಸೋ ಕಂಪನಿ ಸ್ಪೀಡ್‌ವೇ ಗಾಡಿ ಮಾಡುತ್ತಿತ್ತು. 1964ರಲ್ಲಿ ಅದು ಜಾವಾದೊಳಗೆ ಸೇರಿತು. ಆರು ಸಲ ವಿಶ್ವ ಚಾಂಪಿಯನ್ ಆದ ನ್ಯೂಜಿಲೆಂಡಿನ ಐವನ್ ಮೌಗರ್ ಗೆದ್ದ ಗಾಡಿಗಳಲ್ಲಿ ಜಾವಾ ಕೂಡ ಉಂಟು. ನಮ್ಮ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯ ದೂರದ ದಾಯಾದಿ ಅನ್ನಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿದ್ದು ಮೈಸೂರಿನವರಿಗೆ ನೆನಪಿಸಬೇಕಿಲ್ಲ. ಒಳ್ಳೆಯ ಸಾಮಾನು ಮಾಡೋರ ಬಾಗಿಲಿಗೂ ಬೀಗ ಬೀಳಬಹುದು ಅನ್ನೋದು ನಮಗೆ ಹೊಸ ಪಾಠವೇನಲ್ಲ.

ಆಟದ ಒಳಗುಟ್ಟು ಕಲಿಸಿದ್ದು ಪಕ್ಕದಲ್ಲಿ ನಿಂತಿದ್ದ ಒಬ್ಬ ಅಜ್ಜಿ. ಫ್ಲಾಸ್ಕಿನಲ್ಲಿ ಚಹಾ, ಕೈಯಲ್ಲಿ ಪ್ರೋಗ್ರಾಂ ಪುಸ್ತಿಕೆ ಮತ್ತು ಪೆನ್ನು. ಸ್ಪೀಡ್‌ವೇ ನೋಡೋರು ಸುಮ್ಮನೆ ನೋಡೋದಿಲ್ಲ, ಲೆಕ್ಕ ಬರೀತಾರೆ. ಪ್ರತಿ ಓಟ ಮುಗಿದ ಕೂಡಲೇ ಯಾರು ಎಷ್ಟನೆಯವರು, ಒಟ್ಟು ಎಷ್ಟಾಯಿತು ಅಂತ ಖಾಲಿ ಚೌಕಗಳಲ್ಲಿ ತುಂಬುತ್ತಾರೆ. ಅಂಕದ ಪಕ್ಕ ಆಕೆ ಕೆಲವು ಕಡೆ ಸಣ್ಣ ಗುರುತು ಹಾಕುತ್ತಿದ್ದರು. ಏನಮ್ಮಾ ಇದು ಅಂತ ಕೇಳಿದೆ. ಬೋನಸ್, ಅಂದರು. ತನ್ನ ತಂಡದವನ ಬೆನ್ನಿಗೇ ಬಂದು ಮುಟ್ಟಿದರೆ ಒಂದು ಬೋನಸ್ ಅಂಕ. ಪಂದ್ಯದ ಮೊತ್ತಕ್ಕೆ ಅದು ಸೇರೋದಿಲ್ಲ, ರೈಡರ್‌ನ ಸರಾಸರಿಗೆ ಸೇರುತ್ತದೆ. ಆಮೇಲೆ ಪೆನ್ನು ನಿಲ್ಲಿಸಿ ಹೇಳಿದರು: 'ಈ ಸರಾಸರಿಯೇ ನೋಡಪ್ಪಾ, ನಮ್ಮನ್ನು ತಿನ್ನೋದು.'

ಆ ಮಾತು ಅವತ್ತು ನನಗೆ ಪೂರ್ತಿ ಅರ್ಥವಾಗಿರಲಿಲ್ಲ.

ಸರಾಸರಿ ಅಂದರೆ, ಒಬ್ಬ ರೈಡರ್ ನಾಲ್ಕು ಓಟಕ್ಕೆ ಎಷ್ಟು ಅಂಕ ತರುತ್ತಾನೆ ಅನ್ನೋ ಲೆಕ್ಕ. ಪ್ರತಿ ಚಳಿಗಾಲದಲ್ಲಿ ಪ್ರಮೋಟರ್‌ಗಳು, ಅಂದ್ರೆ ತಂಡ ನಡೆಸೋರು, ಒಟ್ಟಿಗೆ ಕೂತು ಒಂದು ಮಿತಿ ಹಾಕುತ್ತಾರೆ: ನಿಮ್ಮ ಏಳೂ ಜನರ ಸರಾಸರಿ ಕೂಡಿದರೆ ಇಷ್ಟು ದಾಟಬಾರದು. ನಮ್ಮ ಐಪಿಎಲ್ ಹರಾಜಿನಲ್ಲಿ ದುಡ್ಡಿಗೆ ಮಿತಿ. ಇಲ್ಲಿ ಸಾಮರ್ಥ್ಯಕ್ಕೇ ಮಿತಿ. ಉದ್ದೇಶ ಒಳ್ಳೆಯದೇ. ದುಡ್ಡಿದ್ದ ತಂಡವೇ ಎಲ್ಲ ಒಳ್ಳೆಯವರನ್ನು ಎತ್ತಿಕೊಂಡು ಹೋಗಬಾರದು, ಪಂದ್ಯ ಸರಿಸಮ ಇರಬೇಕು.

ಈಗ ಲೆಕ್ಕ ಹಾಕಿ. ಮಿತಿ 40 ಅಂತಿಟ್ಟುಕೊಳ್ಳೋಣ. ನಿಮ್ಮ ಏಳು ಜನ 8, 7, 7, 6, 5, 4, 3. ಸರಿಯಾಗಿ 40. ತಂಡ ಒಗ್ಗಟ್ಟಾಯಿತು, ಹುಡುಗರು ಬೆಳೆದರು, ನೀವು ಲೀಗ್ ಗೆದ್ದಿರಿ. ವರ್ಷದ ಕೊನೆಗೆ ಅದೇ ಏಳು ಜನ 9, 8, ಏಳೂವರೆ, ಆರೂವರೆ, 6, 5, 4. ಕೂಡಿದರೆ 46. ಮಿತಿ ಮಾತ್ರ ಇನ್ನೂ 40. ಹಾಗಾಗಿ ನಿಮ್ಮ ಅತ್ಯುತ್ತಮ ರೈಡರ್‌ನನ್ನು, ಆ 9ರವನನ್ನು ಕಳಿಸಿ, ಅವನ ಜಾಗಕ್ಕೆ 3ರವನೊಬ್ಬನನ್ನು ಕರೆತರಬೇಕು. ಆಗ ಲೆಕ್ಕ ಸರಿಹೋಗುತ್ತದೆ. ಜನರ ಮನಸ್ಸು ಸರಿಹೋಗುವುದಿಲ್ಲ. ಗೇಟಿನಲ್ಲಿ ದುಡ್ಡು ಕೊಟ್ಟು ಬಂದವರು ಕಪ್ ಎತ್ತಿದ ಕೈಗಳನ್ನು ನೋಡಲು ಬಂದಿರುತ್ತಾರೆ. ಆ ಕೈಗಳು ಈಗ ಬೇರೆ ಊರಿನ ಜಾಕೆಟ್ಟಿನಲ್ಲಿ ಇರುತ್ತವೆ.

ಇದರಿಂದ ಇನ್ನೊಂದು ವಿಚಿತ್ರ ಹುಟ್ಟಿತು. ಎಲ್ಲ ಪ್ರಮೋಟರ್‌ಗಳೂ ಹುಡುಕೋದು ಒಳ್ಳೆಯ ರೈಡರ್‌ಗಳನ್ನಲ್ಲ. ಕಾಗದದ ಮೇಲೆ 4 ಇದ್ದು ಮೈಯಲ್ಲಿ 7 ಇರುವವರನ್ನು. ಹೋದ ವರ್ಷ ಮೂಳೆ ಮುರಿದುಕೊಂಡು ಸರಾಸರಿ ಬಿದ್ದವನು ಈ ವರ್ಷ ಎಲ್ಲರಿಗೂ ಬೇಕು. ಹೋದ ವರ್ಷ ಜೀವಮಾನದ ಆಟ ಆಡಿದವನಿಗೆ ಜಾಗ ಸಿಗೋದು ಕಷ್ಟ. ಒಳ್ಳೆಯ ಕೆಲಸ ಮಾಡಿದ್ದೇ ತಪ್ಪಾಯ್ತಾ ಅಂತ ಅವನು ಕೇಳಿದರೆ ಉತ್ತರವಿಲ್ಲ.

ದುಡ್ಡಿನ ಲೆಕ್ಕ ಇದಕ್ಕಿಂತ ಕಠೋರ. ಇಲ್ಲಿ ರೈಡರ್‌ಗಳಿಗೆ ತಿಂಗಳ ಸಂಬಳ ಅಂತ ಇಲ್ಲ. ಗಾಡಿ ಅವರದೇ, ಎಂಜಿನ್ ರಿಪೇರಿ ಅವರದೇ, ಮೆಕ್ಯಾನಿಕ್ಕಿನ ಖರ್ಚು ಅವರದೇ, ಊರೂರು ಸುತ್ತುವ ವ್ಯಾನು ಅವರದೇ. ತಂಡ ಕೊಡೋದು ಮುಖ್ಯವಾಗಿ ಅಂಕಕ್ಕೆ ಇಷ್ಟು ಅಂತ. ಅಂದ್ರೆ ನಿಮ್ಮ ತಂಡ ಹೆಚ್ಚು ಅಂಕ ಗಳಿಸಿದಷ್ಟೂ ನಿಮ್ಮ ಜೇಬಿನಿಂದ ಹೆಚ್ಚು ಹೋಗುತ್ತದೆ. ಗೇಟಿನ ಹಣ ಮನೆಯಂಗಳದ ತಂಡಕ್ಕೆ. ಪರಊರಿಗೆ ಹೋಗಿ ಗೆದ್ದು ಬಂದರೆ ನಿಮಗೆ ಸಿಕ್ಕಿದ್ದು ಹೆಮ್ಮೆ ಮತ್ತು ದೊಡ್ಡ ಬಿಲ್ಲು. ಮನೆಯಂಗಳದಲ್ಲಿ 60-30ರಲ್ಲಿ ಬಡಿದು ಗೆದ್ದರೆ ಇನ್ನೂ ಕೆಟ್ಟದು: ಖರ್ಚೂ ಹೆಚ್ಚು, ಹತ್ತನೇ ಓಟಕ್ಕೇ ಜನ ಆಕಳಿಸಿ ಮನೆಗೆ ಹೊರಡುತ್ತಾರೆ. ಪ್ರಮೋಟರ್‌ಗೆ ಬೇಕಾದದ್ದು ಕೊನೆಯ ಓಟದಲ್ಲಿ ತೀರ್ಮಾನವಾಗುವ 46-44. ಎಲ್ಲವನ್ನೂ ಗೆಲ್ಲುವ ತಂಡ ಅಭಿಮಾನಿಯ ಕನಸು, ಲೆಕ್ಕ ನೋಡುವವನಿಗೆ ತಲೆನೋವು.

ವರ್ಕಿಂಗ್ಟನ್ ಒಳಗಿನ ಖಾತೆಪುಸ್ತಕ ನಾನು ನೋಡಿಲ್ಲ, ಹಾಗಾಗಿ ಅವರು ಇದೇ ಕಾರಣಕ್ಕೆ ಮುಚ್ಚಿದರು ಅಂತ ಹೇಳುವುದಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಮೂರು ಕಪ್ ಗೆದ್ದದ್ದು ಅವರನ್ನು ಉಳಿಸಬೇಕಿತ್ತು ಅಂತ ನಾವು ಅಂದುಕೊಳ್ಳುತ್ತೇವಲ್ಲ, ಈ ಲೀಗಿನ ಕಟ್ಟಡದಲ್ಲಿ ಹಾಗೆ ಉಳಿಸುವ ಕಂಬವೇ ಇಲ್ಲ.

ಅದೇ 2018ರ ಫೈನಲ್ಲಿನ ಎದುರಾಳಿಯನ್ನು ನೋಡಿ. ಲೇಕ್‌ಸೈಡ್ ಹ್ಯಾಮರ್ಸ್. ಲಂಡನ್ನಿನ ಪೂರ್ವಕ್ಕೆ ಅರೀನಾ ಎಸೆಕ್ಸ್ ಅವರ ಮನೆ. ಆ ವರ್ಷ ಸೀಸನ್ ಮುಗಿಯುವ ಮುಂಚೆಯೇ ಅವರು ಆ ಮನೆ ಖಾಲಿ ಮಾಡಬೇಕಾಯಿತು. ಉಳಿದ ಪಂದ್ಯಗಳಿಗೆ ರೈ ಹೌಸ್ ಟ್ರ್ಯಾಕನ್ನು ಆಶ್ರಯಿಸಿದರು. ಮುಂದಿನ ವರ್ಷ ಅವರೂ ಇರಲಿಲ್ಲ. ಅಂದ್ರೆ ಎರಡನೇ ದರ್ಜೆಯ ಚಾಂಪಿಯನ್ ಮತ್ತು ರನ್ನರ್-ಅಪ್ ಇಬ್ಬರೂ ಆರು ತಿಂಗಳಲ್ಲಿ ಮಾಯ.

ಮೇಲಿನ ದರ್ಜೆಯಲ್ಲಿ ಆ ವರ್ಷ ಗೆದ್ದದ್ದು ದಕ್ಷಿಣ ಕರಾವಳಿಯ ಪೂಲ್ ಪೈರೇಟ್ಸ್, ಹಳೆಯ ಪ್ರತಿಷ್ಠಿತ ತಂಡ. ಅವರು ಮುಚ್ಚಲಿಲ್ಲ. ಇನ್ನೊಂದು ಸೀಸನ್ ಆಡಿ, ತಾವಾಗಿಯೇ ಎರಡನೇ ದರ್ಜೆಗೆ ಇಳಿದರು. ಪೂಲಿನವರಿಗೆ ಸ್ಪೀಡ್‌ವೇ ಅಂದ್ರೆ ಬುಧವಾರ ರಾತ್ರಿ. ನಮ್ಮಲ್ಲಿ ಊರಿಗೊಂದು ಸಂತೆದಿನ ಇರುವ ಹಾಗೆ ಅಲ್ಲಿ ಊರಿಗೊಂದು ಓಟದ ದಿನ. ಕೆಳಗಿನ ಲೀಗಿನಲ್ಲಿ ಆ ಬುಧವಾರ ಅವರಿಗೆ ಉಳಿಯಿತು. 2020 ಕೋವಿಡ್‌ನಲ್ಲಿ ಹೋಯಿತು. 2021ರಲ್ಲಿ ಗೆದ್ದರು, 2022ರಲ್ಲಿ ಮತ್ತೆ ಗೆದ್ದರು.

ಇಲ್ಲಿ ಸ್ವಲ್ಪ ನಿಲ್ಲಿ. 2018ರ ಕೊನೆಗೆ ಇಪ್ಸ್‌ವಿಚ್ ಮತ್ತು ಪೀಟರ್‌ಬರೋ ಮೇಲಕ್ಕೆ ಹೋದವು, ಲೆಸ್ಟರ್ ಮತ್ತು ಸಾಮರ್‌ಸೆಟ್ ಕೆಳಕ್ಕೆ ಬಂದವು. ಕೆಳಗೆ ಬಂದ ಲೆಸ್ಟರ್ 2019ರಲ್ಲಿ ಚಾಂಪಿಯನ್. ಫುಟ್‌ಬಾಲಿನ ಹಾಗೆ ಗೆದ್ದವನು ಏರಬೇಕು, ಸೋತವನು ಇಳಿಯಬೇಕು ಅನ್ನೋ ಕಟ್ಟುನಿಟ್ಟಿನ ಏಣಿ ಇಲ್ಲಿಲ್ಲ. ಯಾವ ಲೀಗಿನಲ್ಲಿ ಆಡೋದು ಅನ್ನೋದಕ್ಕೆ ಅಂಕಪಟ್ಟಿಗಿಂತ ಹೆಚ್ಚಾಗಿ ಪ್ರಮೋಟರ್‌ನ ಜೇಬು, ಓಟದ ದಿನ ಉತ್ತರ ಹೇಳುತ್ತವೆ. ಹಾಗಿದ್ದರೆ 'ಎರಡನೇ ದರ್ಜೆ' ಅನ್ನೋ ಮಾತಿಗೆ ಅರ್ಥವೇನು? ರೈಲಿನಲ್ಲಿ ಸ್ಲೀಪರ್ ಕ್ಲಾಸ್ ಇದ್ದ ಹಾಗೆ. ಟಿಕೆಟ್ಟಿನ ದರ ಬೇರೆ ಅಷ್ಟೇ, ಸಾಮರ್ಥ್ಯದ ಪರೀಕ್ಷೆಯೇನಲ್ಲ. ಇದಕ್ಕೆ ಸಾಕ್ಷಿಯಾಗಿ ಎಷ್ಟೋ ರೈಡರ್‌ಗಳು ಎರಡೂ ಲೀಗಿನಲ್ಲಿ ಏಕಕಾಲಕ್ಕೆ ಓಡಿಸುತ್ತಾರೆ. ಒಂದು ದಿನ ಅಲ್ಲಿ, ಇನ್ನೊಂದು ದಿನ ಇಲ್ಲಿ, ಬೇರೆ ಬೇರೆ ಊರಿನ ಬಣ್ಣದಲ್ಲಿ. ಇದಕ್ಕೆ ಡಬ್ಲಿಂಗ್ ಅಪ್ ಅನ್ನುತ್ತಾರೆ. ಬೇಕಾದಷ್ಟು ರೈಡರ್‌ಗಳೇ ಇಲ್ಲದ್ದರಿಂದ ಬಂದ ಏರ್ಪಾಡು. ಅಲ್ಲಿ ಬಿದ್ದು ಭುಜದ ಮೂಳೆ ಮುರಿದರೆ ಇಲ್ಲಿನ ತಂಡ ಕುಂಟುತ್ತದೆ. ಆಗ ಗೆಸ್ಟ್ ಬರುತ್ತಾನೆ. ಗಾಯಗೊಂಡವನಿಗೆ ಸಮನಾದ ಅಥವಾ ಕಡಿಮೆ ಸರಾಸರಿಯ ಬೇರೆ ತಂಡದವನೊಬ್ಬ, ಒಂದು ರಾತ್ರಿಯ ಮಟ್ಟಿಗೆ.

ಹೊಸಬರಿಗೆ ಈ ಗೆಸ್ಟ್ ವ್ಯವಸ್ಥೆ ಒಗ್ಗುವುದೇ ಇಲ್ಲ. ಹೋದ ವಾರ ನಮ್ಮನ್ನು ಸೋಲಿಸಿದವನು ಈ ವಾರ ನಮ್ಮ ಜಾಕೆಟ್ ಹಾಕಿಕೊಂಡು ನಿಂತಿದ್ದಾನೆ, ಚಪ್ಪಾಳೆ ಹೊಡೀಬೇಕೋ ಬೇಡವೋ? ಅಜ್ಜಿ ಹೊಡೆದರು. ಆದರೆ ಪುಸ್ತಿಕೆಯಲ್ಲಿ ಅವನ ಹೆಸರು ಬರೆಯುವಾಗ ಪೆನ್ನು ಒತ್ತಿ ಬರೆಯಲಿಲ್ಲ ಅಂತ ನನಗನ್ನಿಸಿತು.

ನಿಯಮಗಳ ಪರವಾಗಿಯೂ ಮಾತಾಡಬೇಕು, ಇಲ್ಲದಿದ್ದರೆ ವಿಮರ್ಶೆ ಅನ್ನಿಸಿಕೊಳ್ಳೋದಿಲ್ಲ. ಈ ಮಿತಿ, ಈ ಗೆಸ್ಟ್, ಈ ಡಬ್ಲಿಂಗ್ ಇಲ್ಲದಿದ್ದರೆ ವರ್ಕಿಂಗ್ಟನ್ನಿನಂಥ ಊರು ಗ್ಲಾಸ್ಗೋದಂಥ ನಗರದ ಎದುರು ನಿಲ್ಲಲು ಸಾಧ್ಯವೇ ಇರಲಿಲ್ಲ. ನಾನು ನೋಡಿದ ರಾತ್ರಿಗಳಲ್ಲಿ ಬೇಜಾರಿನದು ಒಂದೂ ಇಲ್ಲ. ಟೇಪ್ ಮೇಲಕ್ಕೆ ಹಾರಿದ ಕ್ಷಣ, ನಾಲ್ಕೂ ಗಾಡಿ ಮೊದಲ ತಿರುವಿಗೆ ಒಟ್ಟಿಗೆ ನುಗ್ಗುವಾಗ, ಬ್ರೇಕ್ ಇಲ್ಲದ ನಾಲ್ಕು ಜನ ಒಬ್ಬರನ್ನೊಬ್ಬರು ನಂಬಿ ಒರಗುವ ಆ ಎರಡು ಸೆಕೆಂಡ್ ಇದೆಯಲ್ಲ, ಅದಕ್ಕೆ ದರ್ಜೆ ಇಲ್ಲ. ಒಂದು ರಾತ್ರಿಯನ್ನು ಚೆನ್ನಾಗಿ ಮಾಡುವುದು ಹೇಗೆ ಅಂತ ಈ ಲೀಗಿಗೆ ಗೊತ್ತು. ಒಂದು ವರ್ಷವನ್ನು, ಹತ್ತು ವರ್ಷವನ್ನು ಕಟ್ಟುವುದು ಗೊತ್ತಿಲ್ಲ. ಟ್ರ್ಯಾಕಿನ ಮೇಲೆ ಸಮಾನತೆ ತರಲು ದಶಾಂಶ ಬಿಂದುವಿನ ತನಕ ಲೆಕ್ಕ ಹಾಕುವ ಜನ, ಕಾಲ ಕೆಳಗಿನ ಟ್ರ್ಯಾಕು ಯಾರದು ಅಂತ ಲೆಕ್ಕ ಹಾಕಲಿಲ್ಲ.

ಅದು ಬಹುತೇಕ ಇವರದಲ್ಲ. ನ್ಯೂಕಾಸಲ್, ಶೆಫೀಲ್ಡ್ ತಂಡಗಳು ಗ್ರೇಹೌಂಡ್ ನಾಯಿಗಳ ಓಟದ ಮೈದಾನದಲ್ಲಿ. ಬೆರಿಕ್ ತಂಡ ಫುಟ್‌ಬಾಲ್ ಮೈದಾನದಲ್ಲಿ. ಪೀಟರ್‌ಬರೋದ್ದು ಜಾತ್ರೆ-ಪ್ರದರ್ಶನ ನಡೆಯುವ ಬಯಲು, 2023ರ ನಂತರ ಅದೂ ಕೈತಪ್ಪಿತು. ಎಲ್ಲರೂ ಬಾಡಿಗೆದಾರರು. 2021ರಲ್ಲಿ ಈಸ್ಟ್‌ಬೋರ್ನ್ ಸೀಸನ್ ಮುಗಿಯುವ ಮುಂಚೆಯೇ ಹಿಂದೆ ಸರಿಯಿತು. 2022ರಲ್ಲಿ ನ್ಯೂಕಾಸಲ್ ನಡುಬೇಸಿಗೆಯಲ್ಲೇ ನಿಂತಿತು. ಅವರು ಅಲ್ಲಿಯ ತನಕ ಆಡಿದ ಲೀಗ್ ಪಂದ್ಯಗಳ ಫಲಿತಾಂಶವನ್ನೇ ಅಳಿಸಿಹಾಕಿದರು. ಆ ರಾತ್ರಿಗಳಲ್ಲಿ ಗೆದ್ದವರು, ಬಿದ್ದವರು, ಚಳಿಯಲ್ಲಿ ನಿಂತು ಪುಸ್ತಿಕೆ ತುಂಬಿದವರು ಎಲ್ಲರೂ ಲೆಕ್ಕದಿಂದ ಹೊರಗೆ.

ವರ್ಕಿಂಗ್ಟನ್ನಿಗೆ ಈ ನೋವು ಮೊದಲಲ್ಲ. 1970ರಲ್ಲಿ ಅಲ್ಲಿ ಸ್ಪೀಡ್‌ವೇ ಶುರುವಾಗಿ 1981ರಲ್ಲಿ ನಿಂತಿತ್ತು. 1987ರಲ್ಲಿ ಸ್ವಂತ ಊರಿನಲ್ಲಿ ಜಾಗವಿಲ್ಲದ ಗ್ಲಾಸ್ಗೋ ಟೈಗರ್ಸ್ ಇಲ್ಲಿಗೆ ಬಂದು ವರ್ಕಿಂಗ್ಟನ್ ಟೈಗರ್ಸ್ ಅಂತ ಆಡಿದ್ದೂ ಉಂಟು. ಕಾಮೆಟ್ಸ್ ಮತ್ತೆ ಕಣ್ಣುಬಿಟ್ಟದ್ದು 1999ರಲ್ಲಿ. ಅಂದಿನಿಂದ ಇಪ್ಪತ್ತು ಸೀಸನ್. ಆ ಇಪ್ಪತ್ತರ ಕೊನೆಯ ಭಾಗದಲ್ಲಿ, 2016ರಲ್ಲಿ, ಅಲ್ಲೇ ಕಂಬ್ರಿಯಾದ ಹುಡುಗನೊಬ್ಬ ಹದಿಹರೆಯದಲ್ಲೇ ತಂಡಕ್ಕೆ ಬಂದ. ಹೆಸರು ಡ್ಯಾನ್ ಬ್ಯೂಲಿ. ಊರವರು ನಮ್ಮ ಹುಡುಗ ಅಂತ ಎದೆ ಉಬ್ಬಿಸಿದರು. ಅವನು ಬೆಳೆದಷ್ಟೂ ಅವನ ಸರಾಸರಿ ಬೆಳೆಯಿತು. ಅಂದ್ರೆ ನಿಯಮದ ಕಣ್ಣಿನಲ್ಲಿ ತಂಡಕ್ಕೆ ಅವನು ಭಾರವಾಗುತ್ತಾ ಹೋದ. ತಮ್ಮೂರ ಗಿಡಕ್ಕೆ ನೀರು ಹಾಕಿ ಬೆಳೆಸಿದ್ದಕ್ಕೆ ಒಂದು ರಿಯಾಯಿತಿಯಾದರೂ ಬೇಡವೇ? 2022ರಲ್ಲಿ ಕಾರ್ಡಿಫ್‌ನ ದೊಡ್ಡ ಕ್ರೀಡಾಂಗಣದಲ್ಲಿ ಬ್ರಿಟಿಷ್ ಗ್ರಾಂಪ್ರಿ ಗೆದ್ದವನು ಇದೇ ಬ್ಯೂಲಿ. ಅವತ್ತು ಡರ್ವೆಂಟ್ ಪಾರ್ಕಿನಲ್ಲಿ ಸ್ಪೀಡ್‌ವೇ ಇರಲಿಲ್ಲ.

ಹೊರಗಿನವನಾಗಿ ಸಲಹೆ ಕೊಡುವುದು ಸುಲಭ ಅಂತ ಗೊತ್ತು. ಆದರೂ ಮೂರು ಮಾತು. ಒಂದು, ತಾನೇ ಬೆಳೆಸಿದ ರೈಡರ್‌ನ ಸರಾಸರಿಯಲ್ಲಿ ತಂಡಕ್ಕೆ ಗಟ್ಟಿಯಾದ ವಿನಾಯಿತಿ ಇರಲಿ. ಗೆದ್ದ ತಂಡ ಮುಂದಿನ ವರ್ಷ ತನ್ನ ಪ್ರಶಸ್ತಿಯನ್ನು ಅದೇ ಮುಖಗಳೊಂದಿಗೆ ಕಾಪಾಡಿಕೊಳ್ಳಲು ಒಂದು ಅವಕಾಶ ಸಿಗಲಿ. ಆಗ ತಾನೇ ಜನ ಮತ್ತೆ ಬರೋದು! ಎರಡು, ಪ್ಲೇ-ಆಫ್ ಗೇಟಿನ ಹಣದಲ್ಲಿ ಒಂದು ಪಾಲನ್ನು ಎಲ್ಲ ತಂಡಗಳೂ ಸೇರಿ ಎತ್ತಿಡಲಿ. ಮನೆ ಕಳಕೊಂಡ ತಂಡಕ್ಕೆ ಒಂದು ವರ್ಷ ತಲೆ ಮೇಲೊಂದು ಸೂರು ಸಿಗುವಷ್ಟಾದರೂ. ಮೂರು, ಅಳಿಸುವ ಚಾಳಿ ಬಿಡಿ. ತಂಡ ಹೋದರೂ ಆಡಿದ್ದು ಆಡಿದ್ದೇ.

ದುಡ್ಡು ಎಲ್ಲಿಂದ ಬರಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ತಂಡ ಮುಚ್ಚಿದಾಗ ಉಳಿದ ತಂಡಗಳಿಗೆ ಮನೆಯಂಗಳದ ಪಂದ್ಯಗಳು ಕಡಿಮೆಯಾಗುತ್ತವಲ್ಲ, ಆ ನಷ್ಟದ ದುಡ್ಡು ಎಲ್ಲಿಂದ ಬರುತ್ತಿದೆಯೋ ಅಲ್ಲಿಂದಲೇ.

ಕಾಮೆಟ್ಸ್ ಸಂಪೂರ್ಣ ಸಾಯಲಿಲ್ಲ ಅನ್ನೋದು ಸಮಾಧಾನ. ಕೆಲವು ವರ್ಷಗಳ ನಂತರ ಅದೇ ಊರಿನ ನಾರ್ತ್‌ಸೈಡ್ ಅನ್ನೋ ಕಡೆ, ಬೇರೆ ಸಣ್ಣ ಟ್ರ್ಯಾಕಿನಲ್ಲಿ, ಆ ಹೆಸರು ಮತ್ತೆ ಜಾಕೆಟ್ಟಿನ ಮೇಲೆ ಬಂತು. ನಾನು ಆಗ ಅಲ್ಲಿರಲಿಲ್ಲ.

2018ರ ಪುಸ್ತಿಕೆಯೊಂದು ನನ್ನ ಹತ್ತಿರ ಈಗಲೂ ಇದೆ. ಅಜ್ಜಿ ಕೊಟ್ಟದ್ದು. ಹನ್ನೊಂದನೇ ಓಟದಲ್ಲಿ ನಾನು ತಪ್ಪು ಬರೆದಿದ್ದೆ, ಆಕೆ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿ ಅಂಕ ಬರೆದಿದ್ದಾರೆ. ಮೂಲೆಯಲ್ಲಿ ಶೇಲ್ ಪುಡಿಯ ಕಲೆ. ಹಿಂದಿನ ಪುಟದಲ್ಲಿ ಮುಂದಿನ ಪಂದ್ಯಗಳ ಪಟ್ಟಿ, ಎಲ್ಲಕ್ಕೂ ಆಕೆ ಟಿಕ್ ಹಾಕಿದ್ದರು. ಒಂದನ್ನೂ ಬಿಟ್ಟಿರಲಿಲ್ಲ.